ಸುಸ್ತಾದ ಮೇಲೆ ಸಿಕ್ಕ ಲಯ: ‘ಹೆಲ್ಪ್‌ಲೆಸ್’ ಹಾಡಿನ ಹಿನ್ನೆಲೆ

(ಉಪನ್ಯಾಸದ ಬರಹ ರೂಪ. ಸಭೆಯಲ್ಲಿ ಗಿಟಾರ್ ನುಡಿಸಿ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದೆ.)

ನಿಧಾನದ ಹಾಡು ಅಂದರೆ ಸುಲಭದ ಹಾಡು ಅಂತ ಬಹಳ ಜನ ತಿಳಿದಿರುತ್ತಾರೆ. ಇವತ್ತು ನಾವು ಕೇಳಲಿರುವ ಹಾಡಿನಲ್ಲಿ ಇರುವುದು ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು): ಡಿ, ಎ, ಜಿ. ಮೊದಲಿಂದ ಕೊನೆಯವರೆಗೂ ಇವೇ ಮೂರು, ಇದೇ ಕ್ರಮದಲ್ಲಿ. ಗಿಟಾರ್ ಹಿಡಿದು ಒಂದೆರಡು ತಿಂಗಳಾದವರೂ ನುಡಿಸಬಹುದು. ಇಂಥ ಹಾಡನ್ನು ಸರಿಯಾಗಿ ನುಡಿಸುವುದಕ್ಕೆ ಆ ಕಾಲದ ಘಟಾನುಘಟಿಗಳ ತಂಡವೊಂದು ಬೆಳಗಿನ ಜಾವ ನಾಲ್ಕು ಗಂಟೆವರೆಗೆ ಎಚ್ಚರ ಇರಬೇಕಾಯಿತು. ಹಾಡು ಕಷ್ಟದ್ದಾಗಿತ್ತು ಅಂತಲ್ಲ. ನುಡಿಸುವವರ ಕೈ ಸುಮ್ಮನಿರುತ್ತಿರಲಿಲ್ಲ.

ಹಾಡಿನ ಹೆಸರು ‘ಹೆಲ್ಪ್‌ಲೆಸ್’. ಬರೆದವರು ನೀಲ್ ಯಂಗ್. ತಂಡ ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಆ್ಯಂಡ್ ಯಂಗ್. 1970ರ ಮಾರ್ಚ್‌ನಲ್ಲಿ ಅಟ್ಲಾಂಟಿಕ್ ಕಂಪನಿ ಹೊರತಂದ ‘ದೇಜಾ ವು’ ಆಲ್ಬಮ್ಮಿನ ಮೊದಲ ಬದಿಯಲ್ಲಿ ನಾಲ್ಕನೆಯದು.

‘ಸೂಪರ್‌ಗ್ರೂಪ್’ ಅಂತ ಪತ್ರಿಕೆಗಳು ಕರೆಯುತ್ತಿದ್ದದ್ದು ಇಂಥ ತಂಡಗಳನ್ನೇ. ಆಗಲೇ ಬೇರೆ ಬೇರೆ ಕಡೆ ಹೆಸರು ಮಾಡಿದವರು ಒಟ್ಟು ಸೇರಿ ಕಟ್ಟಿದ ತಂಡ. ಡೇವಿಡ್ ಕ್ರಾಸ್ಬಿ ‘ದಿ ಬರ್ಡ್ಸ್’ನಿಂದ ಬಂದವರು. ಗ್ರಹಾಂ ನ್ಯಾಶ್ ಇಂಗ್ಲೆಂಡಿನ ‘ದಿ ಹಾಲೀಸ್’ ಬಿಟ್ಟು ಬಂದವರು. ಸ್ಟೀಫನ್ ಸ್ಟಿಲ್ಸ್ ಮತ್ತು ಯಂಗ್ ಇಬ್ಬರೂ ‘ಬಫಲೋ ಸ್ಪ್ರಿಂಗ್‌ಫೀಲ್ಡ್’ನಲ್ಲಿ 1966ರಿಂದ 1968ರವರೆಗೆ ಜೊತೆಗಿದ್ದು, ಜಗಳವಾಡಿ, ಬೇರೆಯಾದವರು. ಅವರಿಬ್ಬರು ಮೊದಲು ಭೇಟಿಯಾದದ್ದು 1965ರಲ್ಲಿ, ಕೆನಡಾದ ಒಂಟಾರಿಯೊ ಪ್ರಾಂತ್ಯದ ಫೋರ್ಟ್ ವಿಲಿಯಂನಲ್ಲಿ. ಅದು ನಿಜಕ್ಕೂ ಉತ್ತರ ಒಂಟಾರಿಯೊ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಮೊದಲು ಮೂವರೇ ಇದ್ದರು. 1969ರ ಮೇ ತಿಂಗಳಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನಲ್ಲಿ ಡ್ರಮ್ಸ್ ಬಿಟ್ಟರೆ ಹೆಚ್ಚುಕಮ್ಮಿ ಎಲ್ಲ ವಾದ್ಯಗಳನ್ನೂ ಸ್ಟಿಲ್ಸ್ ಒಬ್ಬರೇ ನುಡಿಸಿದ್ದರು. ಗಿಟಾರ್, ಬೇಸ್, ಆರ್ಗನ್, ಒಂದರ ಮೇಲೊಂದು ಪದರ ಹಾಕುತ್ತಾ ಹೋದರು. ಸ್ಟುಡಿಯೊದಲ್ಲಿ ಇದು ನಡೆಯುತ್ತದೆ, ವೇದಿಕೆ ಮೇಲೆ ನಡೆಯುವುದಿಲ್ಲ. ಕಛೇರಿ ಕೊಡಬೇಕಾದರೆ ಇನ್ನೊಬ್ಬ ಗಟ್ಟಿ ವಾದಕ ಬೇಕು. ಅಟ್ಲಾಂಟಿಕ್‌ನ ಅಹ್ಮೆಟ್ ಎರ್ಟೆಗನ್ ಸೂಚಿಸಿದ್ದು ಯಂಗ್ ಹೆಸರನ್ನು. ಹಳೆಯ ಜಗಳ ಗೊತ್ತಿದ್ದೂ ಸ್ಟಿಲ್ಸ್ ಒಪ್ಪಿದರು. ಯಂಗ್ ಕೂಡ ಸುಮ್ಮನೆ ಒಪ್ಪಲಿಲ್ಲ. ಪಕ್ಕವಾದ್ಯದವನಾಗಿ ಬರುವುದಿಲ್ಲ, ತಂಡದ ಹೆಸರಿನಲ್ಲಿ ನನ್ನ ಹೆಸರೂ ಇರಬೇಕು ಅಂದರು. ರಿಪ್ರೈಸ್ ಕಂಪನಿಯಲ್ಲಿ ತಮ್ಮ ಸ್ವಂತದ ದಾರಿಯನ್ನೂ ‘ಕ್ರೇಜಿ ಹಾರ್ಸ್’ ತಂಡವನ್ನೂ ಬಿಡಲಿಲ್ಲ. ಆಗಸ್ಟ್ 16ರಂದು ಶಿಕಾಗೊದಲ್ಲಿ ನಾಲ್ವರ ಮೊದಲ ಕಛೇರಿ. ಎರಡನೆಯದೇ ವುಡ್‌ಸ್ಟಾಕ್‌ನ ದೊಡ್ಡ ಸಂಗೀತೋತ್ಸವ.

ಈಗ ಎರಡು ಬಗೆಯ ಕೆಲಸದ ರೀತಿ ಎದುರುಬದುರಾದವು. ಹಾಡಿನ ಹಿನ್ನೆಲೆ ಅಂತ ನಾವು ಹೇಳುವುದರಲ್ಲಿ ಮುಖ್ಯವಾದದ್ದು ಇದೇ, ಊರು-ಕೇರಿಯ ವಿಷಯ ಆಮೇಲೆ. ಸ್ಟಿಲ್ಸ್ ಅವರದು ಕಟ್ಟುವ ರೀತಿ: ಒಂದು ಪದರ ಹಾಕು, ಕೇಳು, ಮೇಲೆ ಇನ್ನೊಂದು ಹಾಕು, ತೃಪ್ತಿಯಾಗದಿದ್ದರೆ ಅಳಿಸಿ ಮತ್ತೆ ಹಾಕು. ‘ದೇಜಾ ವು’ ಆಲ್ಬಮ್ಮಿಗೆ ಸುಮಾರು 800 ಗಂಟೆ ಸ್ಟುಡಿಯೊ ಹಿಡಿಯಿತು ಅನ್ನುವುದು ಅವರದೇ ಲೆಕ್ಕ. ಯಂಗ್ ಕೂಡ ತಮ್ಮ ಮೊದಲ ಸ್ವಂತ ಆಲ್ಬಮ್ಮನ್ನು ಹಾಗೇ ಪದರಪದರವಾಗಿ ಮಾಡಿ, ಫಲಿತಾಂಶ ಒಪ್ಪದೆ ಕೈಸುಟ್ಟುಕೊಂಡಿದ್ದರು. ಕ್ರೇಜಿ ಹಾರ್ಸ್ ಜೊತೆ 1969ರ ಮೇನಲ್ಲಿ ತಂದ ಎರಡನೆಯ ಆಲ್ಬಮ್ಮಿನಿಂದ ಅವರ ಹಾದಿ ಬದಲಾಯಿತು: ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಟ್ಟಿಗೆ ನುಡಿಸಬೇಕು, ಹಾಡಬೇಕು, ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳಬೇಕು, ಸಣ್ಣಪುಟ್ಟ ತಪ್ಪಿದ್ದರೆ ಇರಲಿ.

‘ಹೆಲ್ಪ್‌ಲೆಸ್’ ಮೊದಲು ಹೋದದ್ದು ಕ್ರೇಜಿ ಹಾರ್ಸ್ ಹತ್ತಿರವೇ. ಯಂಗ್ ಹೇಳಿಕೊಂಡಿರುವ ಪ್ರಕಾರ, ಅಲ್ಲಿ ಒಂದು ಟೇಕ್ (ಒಂದು ಸಲ ಪೂರ್ತಿ ನುಡಿಸಿದ್ದು) ತುಂಬ ಚೆನ್ನಾಗಿ ಬಂತು, ಆದರೆ ಆ ಹೊತ್ತಿಗೆ ಟೇಪು ಓಡುತ್ತಿರಲಿಲ್ಲ. ನಿಧಾನದ ಹಾಡುಗಳಲ್ಲಿ ಇಂಥ ಅನಾಹುತಕ್ಕೆ ದೊಡ್ಡ ಬೆಲೆ. ವೇಗದ ಹಾಡಿಗೆ ಇನ್ನೊಂದು ಸಲ ಹುರುಪು ತಂದುಕೊಳ್ಳಬಹುದು. ನಿಧಾನದ ಹಾಡಿನಲ್ಲಿ ಒಮ್ಮೆ ತಾನಾಗಿ ಕೂತ ಕಾಲಪ್ರಮಾಣವನ್ನು ಬೇಕೆಂದು ಮತ್ತೆ ತರಲು ಹೊರಟರೆ, ಎಲ್ಲರ ಗಮನವೂ ಅದರ ಮೇಲೇ ಬಿದ್ದು ನುಡಿಸುವುದು ಬಿಗಿಯಾಗುತ್ತದೆ. ಹಾಡು ಕ್ರಾಸ್ಬಿ-ಸ್ಟಿಲ್ಸ್-ನ್ಯಾಶ್ ಪಾಲಿಗೆ ಬಂದದ್ದು ಹೀಗೆ.

ರೆಕಾರ್ಡಿಂಗ್ ನಡೆದದ್ದು ಸ್ಯಾನ್ ಫ್ರಾನ್ಸಿಸ್ಕೊದ ಹೈಡ್ ಸ್ಟ್ರೀಟ್‌ನಲ್ಲಿ ಅದೇ ವರ್ಷ ಶುರುವಾಗಿದ್ದ ವಾಲಿ ಹೈಡರ್ ಸ್ಟುಡಿಯೊದಲ್ಲಿ, 1969ರ ನವೆಂಬರಿನಲ್ಲಿ. ಎಂಜಿನಿಯರ್ ಬಿಲ್ ಹಾಲ್ವರ್ಸನ್. ಬೇಸ್ ಗ್ರೆಗ್ ರೀವ್ಸ್, ಡ್ರಮ್ಸ್ ಡಲ್ಲಾಸ್ ಟೇಲರ್. ಆಲ್ಬಮ್ಮಿನ ಹೊದಿಕೆಯ ಮೇಲೆ ಈ ಇಬ್ಬರ ಹೆಸರೂ ಚಿಕ್ಕ ಅಕ್ಷರದಲ್ಲಿ ಇದೆ, ಫೋಟೊದಲ್ಲೂ ಇದ್ದಾರೆ. ಅಂದಿನ ಮಟ್ಟಿಗೆ ಅದು ದೊಡ್ಡ ಮರ್ಯಾದೆ.

ತಂಡದ ಒಳಗಿನ ಹವಾಮಾನ ಚೆನ್ನಾಗಿರಲಿಲ್ಲ. ಕ್ರಾಸ್ಬಿಯ ಸಂಗಾತಿ ಕ್ರಿಸ್ಟೀನ್ ಹಿಂಟನ್ ಸೆಪ್ಟೆಂಬರ್ 30ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು. ನ್ಯಾಶ್ ಮತ್ತು ಗಾಯಕಿ ಜೋನಿ ಮಿಚೆಲ್ ಸಂಬಂಧ, ಸ್ಟಿಲ್ಸ್ ಮತ್ತು ಗಾಯಕಿ ಜೂಡಿ ಕಾಲಿನ್ಸ್ ಸಂಬಂಧ ಎರಡೂ ಮುಗಿಯುತ್ತಾ ಬಂದಿದ್ದವು ಅಥವಾ ಮುಗಿದಿದ್ದವು. ಇದನ್ನೆಲ್ಲ ಹಿಡಿದುಕೊಂಡು “ಆ ದುಃಖವೇ ಈ ಹಾಡಿನಲ್ಲಿ ಕೇಳಿಸುತ್ತದೆ” ಅಂತ ಬರೆಯುವವರಿದ್ದಾರೆ. ನಮಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಹಾಡು ಈ ಸಾವಿಗಿಂತ ಮೊದಲೇ ಇತ್ತು. ದುಃಖದಲ್ಲಿದ್ದ ಅದೇ ಜನ ಅದೇ ಸ್ಟುಡಿಯೊದಲ್ಲಿ ಅಬ್ಬರದ ಹಾಡುಗಳನ್ನೂ ಮಾಡಿದರು.

ನಿಧಾನ ಎಲ್ಲಿಂದ ಬಂತು ಅನ್ನುವುದನ್ನು ಯಂಗ್ ತಾವೇ ಬರೆದಿದ್ದಾರೆ. 1977ರಲ್ಲಿ ಬಂದ ತಮ್ಮ ‘ಡೆಕೇಡ್’ ಸಂಕಲನಕ್ಕೆ ಪ್ರತಿ ಹಾಡಿಗೂ ಕೈಬರಹದಲ್ಲಿ ಒಂದೊಂದು ಸಾಲು ಟಿಪ್ಪಣಿ ಕೊಟ್ಟರು. ಈ ಹಾಡಿನ ಬಗ್ಗೆ ಅವರು ಹೇಳಿದ್ದರ ಸಾರ ಇಷ್ಟು: ಬೆಳಗಿನ ಜಾವ ನಾಲ್ಕರ ಸುಮಾರಿಗೆ, ಎಲ್ಲರಿಗೂ ಸುಸ್ತಾಗಿ ನನ್ನ ವೇಗಕ್ಕೆ ಇಳಿದ ಮೇಲೆ ಇದನ್ನು ರೆಕಾರ್ಡ್ ಮಾಡಿದೆವು. ಇದನ್ನು ತಮಾಷೆ ಅಂತ ತಳ್ಳಿಹಾಕುವಂತಿಲ್ಲ. ಕೈಯಲ್ಲಿ ಶಕ್ತಿ ಇರುವಷ್ಟು ಹೊತ್ತು ಒಳ್ಳೆಯ ವಾದಕ ಖಾಲಿ ಜಾಗವನ್ನು ತುಂಬುತ್ತಾನೆ, ತುಂಬಿದಾಗ ವೇಗ ಏರುತ್ತದೆ. ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಗಿಟಾರಿನಲ್ಲಿ ಡಿ ಹಿಡಿದರೆ ಬುಡದ ಸ್ವರ ನಾಲ್ಕನೆಯ ತಂತಿ, ತೆರೆದದ್ದು. ಎ ಹಿಡಿದರೆ ಐದನೆಯ ತಂತಿ, ತೆರೆದದ್ದು. ಜಿ ಹಿಡಿದರೆ ಆರನೆಯ ತಂತಿಯ ಮೂರನೆಯ ಮನೆ. ಅಂದರೆ ಸುತ್ತು ಒಂದೊಂದಾಗಿ ಕೆಳಗಿನ ಶ್ರುತಿಯ ತಂತಿಗೆ ಇಳಿಯುತ್ತಾ ಹೋಗುತ್ತದೆ. ಇಳಿದು ಜಿ ಮೇಲೆ ಕೂರುತ್ತದೆ. ಡಿ ಮತ್ತು ಎ ಎರಡಕ್ಕೂ ಸೇರಿ ಎಷ್ಟು ಕಾಲವೋ ಅಷ್ಟು ಕಾಲ ಜಿ ಒಂದಕ್ಕೇ ಇದೆ. ನಿಧಾನವೆಲ್ಲ ಇರುವುದು ಆ ಜಿಯಲ್ಲಿ.

ನಮ್ಮ ಸ್ವರಗಳಲ್ಲಿ ಹೇಳಿದರೆ ಇನ್ನೂ ಸ್ಪಷ್ಟ. ಡಿ ಷಡ್ಜ ಅಂತ ಇಟ್ಟುಕೊಳ್ಳಿ. ಮೊದಲ ಕಾರ್ಡಿನಲ್ಲಿ ಸ, ಗ, ಪ. ಎರಡನೆಯದರಲ್ಲಿ ಪ, ನಿ, ರಿ. ಮೂರನೆಯದರಲ್ಲಿ ಮ, ದ, ಸ. ಎಲ್ಲವೂ ಶಂಕರಾಭರಣದ ಸ್ವರಗಳೇ, ಮ ಶುದ್ಧ ಮಧ್ಯಮ, ನಿ ಕಾಕಲಿ ನಿಷಾದ. ಎರಡನೆಯ ಕಾರ್ಡಿನ ನಿಷಾದಕ್ಕೆ ಷಡ್ಜದ ಕಡೆಗೆ ಎಳೆತ ಇದೆ. ಪಾಶ್ಚಾತ್ಯ ಪದ್ಧತಿಯ ರೂಢಿಯಲ್ಲಿ ಅಲ್ಲಿಂದ ನೇರ ಮೊದಲ ಕಾರ್ಡಿಗೆ ಹೋಗಿ ಮುಗಿಸುತ್ತಾರೆ, ಕಿವಿಗೆ ಮನೆ ಸೇರಿದ ಹಾಗಾಗುತ್ತದೆ. ಇಲ್ಲಿ ಹಾಗೆ ಮಾಡುವುದಿಲ್ಲ. ನಿಷಾದಕ್ಕೆ ಷಡ್ಜವೇನೋ ಸಿಗುತ್ತದೆ, ಜಿ ಕಾರ್ಡಿನೊಳಗೆ ಸ ಇದೆಯಲ್ಲ. ಆದರೆ ಅದರ ಬುಡದಲ್ಲಿ ಮಧ್ಯಮ ಕೂತಿರುತ್ತದೆ. ಎಳೆತ ಅರ್ಧ ತೀರಿದಂತಾಗಿ, ಅಷ್ಟಕ್ಕೇ ನಿಂತು, ಅಲ್ಲೇ ಎರಡು ಪಟ್ಟು ಕಾಲ ಉಳಿಯುತ್ತದೆ. ಆಮೇಲೆ ಮಧ್ಯಮದಿಂದ ಷಡ್ಜಕ್ಕೆ ವಾಪಸ್. ಚರ್ಚಿನ ಸ್ತೋತ್ರಗಳ ಕೊನೆಯಲ್ಲಿ ‘ಆಮೆನ್’ ಹೇಳುವಾಗ ಕೇಳಿಬರುವ ಚಲನೆ ಇದೇ. ಈ ಸುತ್ತಿನಲ್ಲಿ ಎಲ್ಲೂ ತಳ್ಳುವ ಬಲವಿಲ್ಲ. ಹಾಡು ಮುಂದೆ ಓಡುವಂತೆ ಕಾರ್ಡುಗಳು ಕೇಳುವುದೇ ಇಲ್ಲ.

ಕಾರ್ಡುಗಳು ಕೇಳದಿದ್ದರೂ ಕೈ ಕೇಳುತ್ತದೆ. ಹೊಸಬರು ನುಡಿಸಿದಾಗ ಹಾಡು ಕೆಡುವ ಜಾಗ ಯಾವಾಗಲೂ ಒಂದೇ: ಜಿಯ ಎರಡನೆಯ ಅರ್ಧ. ಬದಲಾವಣೆ ಏನೂ ಇಲ್ಲದ ಆ ಹೊತ್ತಿನಲ್ಲಿ ಡಿಗೆ ಸ್ವಲ್ಪ ಬೇಗ ಬಂದುಬಿಡುತ್ತಾರೆ. ಪ್ರತಿ ಸುತ್ತಿಗೂ ಒಂದು ಚೂರು. ಲೆಕ್ಕ ಹಾಕಿ ನೋಡಿ: ನಿಮಿಷಕ್ಕೆ 68 ಏಟಿನ ಹಾಡು ಅಂತ ಇಟ್ಟುಕೊಂಡರೆ 240 ಏಟಿಗೆ ಮೂರು ನಿಮಿಷ 32 ಸೆಕೆಂಡ್. ಅದೇ 76ಕ್ಕೆ ಏರಿದರೆ ಮೂರು ನಿಮಿಷ ಹತ್ತು ಸೆಕೆಂಡಿಗೆ ಮುಗಿದುಹೋಗುತ್ತದೆ. ಗಡಿಯಾರದಲ್ಲಿ 22 ಸೆಕೆಂಡ್ ಏನೂ ಅಲ್ಲ, ಆದರೆ ಹಾಡುಗಾರನಿಗೆ ಸಾಲಿನ ಕೊನೆಯಲ್ಲಿ ಉಸಿರು ಬಿಡಲು ಇದ್ದ ಜಾಗವೆಲ್ಲ ಅದರಲ್ಲೇ ಹೋಯಿತು. ಅಭ್ಯಾಸಕ್ಕೆ ಮೆಟ್ರೊನೋಮ್ (ಲಯಕ್ಕೆ ಸರಿಯಾಗಿ ಬಡಿಯುವ ಯಂತ್ರ) ಇಟ್ಟುಕೊಳ್ಳುವುದಾದರೆ ಪ್ರತಿ ಏಟಿಗೂ ಬಡಿಯುವಂತೆ ಇಡಬೇಡಿ, ನಾಲ್ಕು ಏಟಿಗೆ ಒಂದು ಸಲ ಬಡಿಯುವಂತೆ ಇಡಿ. ನಡುವಿನ ಮೂರನ್ನು ನೀವೇ ಹೊರಬೇಕು. ಹತ್ತು ನಿಮಿಷದಲ್ಲಿ ನಿಮ್ಮ ಕೈಯ ಆತುರ ಎಲ್ಲಿದೆ ಅಂತ ಗೊತ್ತಾಗುತ್ತದೆ.

ಈಗ ಮೂಲ ರೆಕಾರ್ಡಿಂಗ್ ಕೇಳಿ. ಟೇಲರ್ ಏನು ಬಿಟ್ಟಿದ್ದಾರೆ ಅನ್ನುವುದನ್ನು ಗಮನಿಸಿ. ಸಾಲು ಮುಗಿದ ಕಡೆ ಡ್ರಮ್‌ನವರು ಸಾಮಾನ್ಯವಾಗಿ ಒಂದು ಉರುಳಿಕೆ ಹಾಕಿ ಮುಂದಿನ ಸಾಲಿಗೆ ದೂಡುತ್ತಾರೆ. ಇಲ್ಲಿ ಅಂಥ ಜಾಗಗಳು ಬೇಕಾದಷ್ಟಿವೆ, ಅವರು ಹೆಚ್ಚು ಕಡೆ ಬಿಟ್ಟುಕೊಟ್ಟಿದ್ದಾರೆ. ಬೇಸ್‌ಗೂ ಅದೇ ಮಾತು. ಜಿಯಿಂದ ಡಿಗೆ ನಡುವಿನ ಸ್ವರಗಳನ್ನು ಹತ್ತಿಕೊಂಡು ಹೋಗುವ ಆಸೆ ಯಾವ ಬೇಸ್ ವಾದಕನಿಗೂ ಬರುತ್ತದೆ. ಅಪರೂಪಕ್ಕೆ ಮಾಡಿದರೆ ಚಂದ, ಪ್ರತಿ ಸುತ್ತಿಗೂ ಮಾಡಿದರೆ ಡಿ ಬರುವ ಮೊದಲೇ ಬಂದಂತಾಗಿ ಸುತ್ತು ಸಪ್ಪೆಯಾಗುತ್ತದೆ.

ಎಲೆಕ್ಟ್ರಿಕ್ ಗಿಟಾರಿನ ದನಿ ಕೇಳುತ್ತಿದೆಯಲ್ಲ, ಮೀಟಿದ ಸದ್ದೇ ಇಲ್ಲದೆ ಉಬ್ಬಿ ಬರುತ್ತದೆ. ವೀಣೆಯ ಮೀಟಿಗೂ ಪಿಟೀಲಿನ ಕಮಾನಿಗೂ ಇರುವ ವ್ಯತ್ಯಾಸ ಎಷ್ಟೋ, ಮಾಮೂಲಿ ಗಿಟಾರಿಗೂ ಇದಕ್ಕೂ ಅಷ್ಟು ವ್ಯತ್ಯಾಸ. ಇದನ್ನು ವಾಲ್ಯೂಮ್ ಪೆಡಲ್‌ನಲ್ಲಿ ಮಾಡಬಹುದು. ಹಿಮ್ಮಡಿ ಒತ್ತಿ ಪೆಡಲ್ ಹಿಂದಕ್ಕಿದ್ದಾಗ ಸದ್ದು ಸೊನ್ನೆ. ಆ ಸ್ಥಿತಿಯಲ್ಲಿ ತಂತಿ ಮೀಟಿ, ಆಮೇಲೆ ಮುಂಗಾಲನ್ನು ಅರ್ಧ ಸೆಕೆಂಡಿನಷ್ಟು ಕಾಲದಲ್ಲಿ ಮೆಲ್ಲಗೆ ಒತ್ತುತ್ತಾ ಹೋಗಬೇಕು. ಪೆಡಲ್ ಇಲ್ಲದವರು ಕಿರುಬೆರಳಿನಲ್ಲಿ ಗಿಟಾರಿನ ವಾಲ್ಯೂಮ್ ಗುಂಡಿ ತಿರುಗಿಸಿ ಮಾಡುತ್ತಾರೆ. ಸ್ಟ್ರಾಟೊಕ್ಯಾಸ್ಟರ್ ಮಾದರಿಯ ಗಿಟಾರಿನಲ್ಲಿ ಗುಂಡಿ ಕೈಗೆ ಹತ್ತಿರ ಇರುವುದರಿಂದ ಸುಲಭ. ಎಲ್ಲರೂ ಮಾಡುವ ತಪ್ಪು ಏಟಿನ ಮೇಲೆ ಮೀಟುವುದು. ಏಟಿನ ಮೇಲೆ ಮೀಟಿದರೆ ದನಿ ಉಬ್ಬಿ ಬರುವಷ್ಟರಲ್ಲಿ ಏಟು ದಾಟಿಹೋಗಿರುತ್ತದೆ. ಆಗ ಗಿಟಾರ್ ಹಿಂದೆ ಬಿದ್ದಂತೆ ಕೇಳಿ, ಡ್ರಮ್‌ನವರು ಅದನ್ನು ಕಾಯಲು ಹೋಗಿ, ಎಲ್ಲರ ಲಯ ಕುಸಿಯುತ್ತದೆ. ಏಟಿಗೆ ತುಸು ಮೊದಲೇ ಮೀಟಬೇಕು, ಉಬ್ಬು ಏಟಿನ ಮೇಲೆ ಬಂದು ಕೂರಬೇಕು. ಎಷ್ಟು ಮೊದಲು ಅನ್ನುವುದು ಕಾಲಿನ ವೇಗದ ಮೇಲೆ ಇದೆ, ಕೇಳಿ ಕೇಳಿಯೇ ಹೊಂದಿಸಿಕೊಳ್ಳಬೇಕು.

ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ಮೂವರ ಕಂಠಗಳ ವಿಷಯಕ್ಕೆ ಬರೋಣ. ಈ ತಂಡದ ಬಂಡವಾಳವೇ ಅದು. ಮೇಲಿನ ಎಳೆ ಸಾಮಾನ್ಯವಾಗಿ ನ್ಯಾಶ್ ಅವರದು, ನಡುವೆ ಕ್ರಾಸ್ಬಿ, ಕೆಳಗೆ ಸ್ಟಿಲ್ಸ್. ಬೇರೆ ಹಾಡುಗಳಲ್ಲಿ ಈ ಮೂರು ದನಿಗಳು ಮುಂದೆ ನಿಂತು ಸಾಹಿತ್ಯವನ್ನೇ ಹಾಡುತ್ತವೆ. ಇಲ್ಲಿ ಯಂಗ್ ಒಬ್ಬರೇ ಕಥೆ ಹೇಳುತ್ತಾರೆ, ಮೂವರೂ ಹಿಂದೆ ನಿಂತು ‘ಆ’ಕಾರ ಹಿಡಿಯುತ್ತಾರೆ, ಆಮೇಲೆ ಪಲ್ಲವಿಯ ಆ ಒಂದೇ ಪದವನ್ನು ಮತ್ತೆ ಮತ್ತೆ ಎತ್ತಿಕೊಡುತ್ತಾರೆ. ಯಂಗ್ ದನಿ ಸಣ್ಣದು, ಎತ್ತರದ್ದು, ಸ್ವಲ್ಪ ನಡುಗುವಂಥದ್ದು. ಅದರ ಸುತ್ತ ಮೂರು ಗಟ್ಟಿ ದನಿಗಳ ಗೋಡೆ ಎದ್ದರೆ ಒಳಗಿನದು ಇನ್ನೂ ಸಣ್ಣದಾಗಿ ಕೇಳುತ್ತದೆ. ಕ್ರೇಜಿ ಹಾರ್ಸ್ ಜೊತೆ ಬಂದ ಟೇಕ್ ಎಷ್ಟೇ ಚೆನ್ನಾಗಿದ್ದಿರಲಿ, ಇದು ಅಲ್ಲಿ ಸಿಗುತ್ತಿರಲಿಲ್ಲ ಅನ್ನುವುದು ನಮ್ಮ ಅಭಿಪ್ರಾಯ.

ಇದನ್ನು ನಾಲ್ಕು ಜನ ಸೇರಿ ಹಾಡಲು ಹೊರಟವರಿಗೆ ಎದುರಾಗುವ ತೊಂದರೆ ಉಸಿರಿನದು. ಆಕಾರ ಉದ್ದ, ಕಾಲ ನಿಧಾನ. ಮೂವರೂ ಒಟ್ಟಿಗೆ ಉಸಿರು ತೆಗೆದರೆ ಅಲ್ಲೊಂದು ತೂತು ಬೀಳುತ್ತದೆ. ಒಬ್ಬೊಬ್ಬರು ಒಂದೊಂದು ಕಡೆ ತೆಗೆಯುವಂತೆ ಮೊದಲೇ ಮಾತಾಡಿಕೊಳ್ಳಬೇಕು. ಉಸಿರು ಮುಗಿಯುತ್ತಾ ಬಂದಾಗ ಶ್ರುತಿ ಕೆಳಗೆ ಜಾರುವುದು ಇನ್ನೊಂದು. ಅದರಲ್ಲೂ ನಿಷಾದ ಹಿಡಿದವರದ್ದು ಮೊದಲು ಜಾರುತ್ತದೆ.

ಇನ್ನು ಸಾಹಿತ್ಯ. ಬಹಳ ಕಡಿಮೆ ಇದೆ. ಉತ್ತರ ಒಂಟಾರಿಯೊದಲ್ಲಿ ಒಂದು ಊರು, ಅದರ ನೆನಪು. ನಕ್ಷತ್ರಗಳ ಹಿಂದೆ ನೀಲಿ ಕಿಟಕಿಗಳು, ಏರುತ್ತಿರುವ ಹಳದಿ ಚಂದ್ರ, ಆಕಾಶದ ಅಡ್ಡಕ್ಕೆ ಹಾರುವ ದೊಡ್ಡ ಹಕ್ಕಿಗಳು. ನಡುವೆ ಒಂದು ಕಡೆ ಬಾಗಿಲಿಗೆ ಸರಪಳಿ ಬಿಗಿದಿದೆ, ನನ್ನ ಜೊತೆ ಹಾಡು ಅನ್ನುವ ಕೋರಿಕೆ. ಮತ್ತೆ ಅದೇ ನೀಲಿ ಕಿಟಕಿ. ಕಥೆ ಅಂತ ಏನೂ ನಡೆಯುವುದಿಲ್ಲ.

ಆ ಊರು ಯಾವುದು? ಒಮೀಮಿ ಅನ್ನುವುದು ಎಲ್ಲರೂ ಕೊಡುವ ಉತ್ತರ. ಯಂಗ್ ಹುಟ್ಟಿದ್ದು 1945ರ ನವೆಂಬರ್ 12ರಂದು ಟೊರಾಂಟೊದಲ್ಲಿ. ತಂದೆ ಸ್ಕಾಟ್ ಯಂಗ್ ಪತ್ರಕರ್ತರು, ಲೇಖಕರು. ಬಾಲ್ಯದ ಕೆಲವು ವರ್ಷ ಕುಟುಂಬ ಒಮೀಮಿಯಲ್ಲಿತ್ತು. 1951ರಲ್ಲಿ, ಐದರ ವಯಸ್ಸಿನಲ್ಲಿ, ಹುಡುಗನಿಗೆ ಪೋಲಿಯೊ ತಗುಲಿದ್ದು ಅಲ್ಲೇ. ಚಿಕಿತ್ಸೆಗೆ ಟೊರಾಂಟೊದ ಮಕ್ಕಳ ಆಸ್ಪತ್ರೆಗೆ ಕರೆದೊಯ್ದರು. ಪೋಲಿಯೊ ಲಸಿಕೆ ಬಳಕೆಗೆ ಬಂದದ್ದು ನಾಲ್ಕು ವರ್ಷ ಕಳೆದ ಮೇಲೆ, 1955ರಲ್ಲಿ. ಮುಂದೆ ತಂದೆ-ತಾಯಿ ಬೇರೆಯಾಗಿ, ತಾಯಿ ಜೊತೆ 1960ರಲ್ಲಿ ವಿನಿಪೆಗ್‌ಗೆ ಹೋದರು.

ಕಾಯಿಲೆ ಬಿದ್ದ ಮಗು, ಅಸಹಾಯಕತೆಯ ಹಾಡು. ಜೋಡಿಸುವುದು ಬಹಳ ಸುಲಭ, ಅದಕ್ಕೇ ಎಚ್ಚರ ಬೇಕು. ಸಾಹಿತ್ಯದಲ್ಲಿ ಕಾಯಿಲೆಯ ಸುಳಿವೇ ಇಲ್ಲ. ಮೇಲಾಗಿ ಒಮೀಮಿ ಇರುವುದು ಉತ್ತರ ಒಂಟಾರಿಯೊದಲ್ಲಿ ಅಲ್ಲವೇ ಅಲ್ಲ. ಟೊರಾಂಟೊದಿಂದ ಈಶಾನ್ಯಕ್ಕೆ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ, ಕವಾರ್ತಾ ಸರೋವರಗಳ ಸೀಮೆ. ಕೆನಡಾದವರ ಲೆಕ್ಕದಲ್ಲಿ ಅದು ದಕ್ಷಿಣವೇ. ಉತ್ತರ ಒಂಟಾರಿಯೊ ಅಂದರೆ ಅಲ್ಲಿಂದ ಬಹಳ ಮೇಲೆ, ಸ್ಟಿಲ್ಸ್ ಸಿಕ್ಕಿದ ಫೋರ್ಟ್ ವಿಲಿಯಂ ಕಡೆ. ಯಂಗ್ ಅವರನ್ನು 1995ರ ಸಂದರ್ಶನವೊಂದರಲ್ಲಿ ಕೇಳಿದಾಗ, ಅದು ಒಂದು ಗೊತ್ತಾದ ಊರಿಗಿಂತ ಹೆಚ್ಚಾಗಿ ಒಂದು ಭಾವ, ಒಂದೆರಡು ಊರು ಸೇರಿವೆ, ಒಮೀಮಿ ಅವುಗಳಲ್ಲೊಂದು ಎಂಬರ್ಥದ ಮಾತು ಹೇಳಿದರು. ಕೇಳುಗರು ಮಾತ್ರ ಆ ಚಿಕ್ಕ ಊರನ್ನು ಹಾಡಿನ ಊರು ಅಂತ ನಿಶ್ಚಯ ಮಾಡಿಬಿಟ್ಟಿದ್ದಾರೆ. ಈಗ ಬದಲಾಯಿಸುವಂತಿಲ್ಲ.

ಆಲ್ಬಮ್ಮಿನಲ್ಲಿ ಹಾಡನ್ನು ಇಟ್ಟಿರುವ ಜಾಗವನ್ನೂ ನೋಡಬೇಕು. ಮೂರನೆಯದು ಕ್ರಾಸ್ಬಿಯ ‘ಆಲ್ಮೋಸ್ಟ್ ಕಟ್ ಮೈ ಹೇರ್’, ಎಲ್ಲರೂ ಒಟ್ಟಿಗೆ ಕೋಣೆಯಲ್ಲಿ ನುಡಿಸಿದ, ಗಿಟಾರುಗಳು ಕಚ್ಚಾಡುವ ಹಾಡು. ಐದನೆಯದು ಜೋನಿ ಮಿಚೆಲ್ ಬರೆದ ‘ವುಡ್‌ಸ್ಟಾಕ್’, ಅದೂ ಗಟ್ಟಿ ಸದ್ದಿನದು. ಎರಡರ ನಡುವೆ ‘ಹೆಲ್ಪ್‌ಲೆಸ್’. ಇವತ್ತು ಮೊಬೈಲಿನಲ್ಲಿ ಒಂದೇ ಹಾಡನ್ನು ಆರಿಸಿ ಕೇಳುವವರಿಗೆ ಈ ಇಳಿತ ಸಿಗುವುದಿಲ್ಲ. ಮೂರು, ನಾಲ್ಕು, ಐದನ್ನು ಸಾಲಾಗಿ ಕೇಳಿ. ‘ವುಡ್‌ಸ್ಟಾಕ್’ ಸಿಂಗಲ್ (ಬದಿಗೊಂದು ಹಾಡಿನ ಚಿಕ್ಕ ರೆಕಾರ್ಡ್) ಆಗಿ ಬಂದಾಗ ಅದರ ಹಿಂಬದಿಗೆ ಹಾಕಿದ್ದೂ ಇದನ್ನೇ. ಮುಂಬದಿಯದು ಅಮೆರಿಕದ ಬಿಲ್‌ಬೋರ್ಡ್ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 11ರವರೆಗೆ ಏರಿತು. ಆಲ್ಬಮ್ ಒಂದನೆಯ ಸ್ಥಾನಕ್ಕೆ ಹೋಯಿತು.

ಹೆಚ್ಚು ಕೇಳಬೇಕೆನ್ನುವವರಿಗೆ ಮೂರು ರೆಕಾರ್ಡಿಂಗ್‌ಗಳು. ಒಂದು, 2021ರಲ್ಲಿ ಬಂದ ‘ದೇಜಾ ವು’ ಐವತ್ತನೆಯ ವರ್ಷದ ಆವೃತ್ತಿಯಲ್ಲಿ ಹಾರ್ಮೋನಿಕಾ ಇರುವ ರೂಪ. ನಾವು ಇಷ್ಟು ಹೊತ್ತು ಹೇಳಿದ ಖಾಲಿ ಜಾಗಗಳಲ್ಲಿ ಹಾರ್ಮೋನಿಕಾ ಬಂದು ಕೂತರೆ ಏನಾಗುತ್ತದೆ ಅನ್ನುವುದನ್ನು ಪಕ್ಕದಲ್ಲಿಟ್ಟು ಹೋಲಿಸಬಹುದು. ಚೆನ್ನಾಗಿಯೇ ಇದೆ, ಆದರೆ ಅದನ್ನು ಬಿಟ್ಟದ್ದೇ ಸರಿ ಅನ್ನಿಸುತ್ತದೆ. ಎರಡು, 1971ರ ಜನವರಿಯಲ್ಲಿ ಟೊರಾಂಟೊದ ಮ್ಯಾಸಿ ಹಾಲ್‌ನಲ್ಲಿ ಯಂಗ್ ಒಬ್ಬರೇ ಹಾಡಿದ್ದು, ಹೊರಬಂದದ್ದು 2007ರಲ್ಲಿ. ಒಂಟಾರಿಯೊದ ಹೆಸರು ಬಂದ ತಕ್ಷಣ ಸಭೆ ಹೇಗೆ ಪ್ರತಿಕ್ರಿಯಿಸುತ್ತದೆ ಕೇಳಿ, ತಮ್ಮೂರಿನ ಹೆಸರಲ್ಲವೇ. ಮೂರು, 1976ರ ನವೆಂಬರ್ 25ರಂದು ಸ್ಯಾನ್ ಫ್ರಾನ್ಸಿಸ್ಕೊದ ವಿಂಟರ್‌ಲ್ಯಾಂಡ್‌ನಲ್ಲಿ ‘ದಿ ಬ್ಯಾಂಡ್’ ತಂಡದ ವಿದಾಯ ಕಛೇರಿ, ‘ದಿ ಲಾಸ್ಟ್ ವಾಲ್ಟ್ಸ್’ ಚಿತ್ರದಲ್ಲಿದೆ. ಅಲ್ಲಿ ಮೂವರ ಆಕಾರದ ಜಾಗದಲ್ಲಿ ಮೇಲೆ ತೇಲುವುದು ಜೋನಿ ಮಿಚೆಲ್ ದನಿ. ವೇದಿಕೆಗೆ ಬರುವ ಅವರ ಸರದಿ ಇನ್ನೂ ಬಂದಿರಲಿಲ್ಲ, ಹಾಗಾಗಿ ಪರದೆಯ ಹಿಂದೆ ನಿಂತೇ ಹಾಡಿದರು.